ನಾನು ಬರೆದದ್ದು, ಅವರು ಅಚ್ಚು ಹಾಕಿದ್ದು

ಯಾರಾದರೂ ಪೇಪರ್ ಮಡಚಿ ಬದಿಗಿಟ್ಟು "ಇದು ಆ ಪಕ್ಷದೋರ ಪೇಪರ್ರು ಬಿಡಿ" ಎಂದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಅವರು ಸುಳ್ಳು ಹೇಳಿದರು ಅಂತ ಸಿಟ್ಟಲ್ಲ, ನಿಜ ಹೇಳಿಬಿಟ್ಟರಲ್ಲ ಅಂತ ಸಿಟ್ಟು. ವರ್ಷಕ್ಕೆ ಒಂದಾದರೂ ಇಂಥ ಪ್ರಸಂಗ ನಡೆಯದೆ ನನ್ನ ಕಾಲ ಕಳೆದದ್ದೇ ಇಲ್ಲ.

ಕಡೂರಿನಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಅದರ ಜೊತೆಗೆ ಎಪ್ಪತ್ತರ ದಶಕದ ನಡುವಿನಿಂದ ಒಂದು ಹತ್ತು ಹನ್ನೆರಡು ವರ್ಷ, ನಗರದ ದಿನಪತ್ರಿಕೆಯೊಂದಕ್ಕೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಸುದ್ದಿ ಬರೆದು ಕಳಿಸುತ್ತಿದ್ದೆ. ಬರೆದದ್ದನ್ನು ಕವರಿಗೆ ಹಾಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ನನ್ನ ಕೆಲಸ ಮುಗಿಯಿತು. ಮೂರನೇ ದಿನ ಅದು ಅಚ್ಚಾಗಿ ಬಂದಾಗ ಹೆತ್ತ ನನಗೇ ಗುರುತು ಸಿಗುತ್ತಿರಲಿಲ್ಲ. ನಗರದ ಕಚೇರಿಯಲ್ಲಿ ಒಬ್ಬ ಉಪಸಂಪಾದಕರಿದ್ದರು. ತಿದ್ದುವವರು ಅವರು, ಬೈಸಿಕೊಳ್ಳುವವನು ನಾನು. ಯಾಕೆಂದರೆ ನಮ್ಮ ಊರುಗಳಲ್ಲಿ ಪತ್ರಿಕೆ ಎಂದರೆ ನನ್ನ ಮುಖ.

ಸಂಯಮದ ನೀರು

ತುರ್ತುಪರಿಸ್ಥಿತಿಯ ಕಾಲ. ಬೇಸಿಗೆ. ಅಜ್ಜಂಪುರದ ಒಂದು ಬೀದಿಯಲ್ಲಿ ನಲ್ಲಿಗೆ ಒಂದು ವಾರದಿಂದ ನೀರು ಬಂದಿರಲಿಲ್ಲ. ಹೆಂಗಸರು ನಲ್ಲಿಯ ಮುಂದೆ ಕೊಡಗಳನ್ನು ಸಾಲಾಗಿ ಇಟ್ಟು, ಜಾಗ ಹೋಗದಿರಲಿ ಅಂತ ಒಂದೊಂದು ಕೊಡಕ್ಕೆ ಒಂದೊಂದು ಬಣ್ಣದ ಬಟ್ಟೆಚೂರು ಕಟ್ಟಿ ಹೋಗಿದ್ದರು. ನಾನು ಕಣ್ಣಾರೆ ಕಂಡು, "ಅಜ್ಜಂಪುರದಲ್ಲಿ ನೀರಿಗೆ ಹಾಹಾಕಾರ" ಅಂತ ಬರೆದು ಕಳಿಸಿದೆ.

ಅಚ್ಚಾಗಿದ್ದು ಹೀಗೆ: "ಅಜ್ಜಂಪುರದಲ್ಲಿ ನೀರಿನ ಶಿಸ್ತು. ನಾಗರಿಕರು ಸಾಲಾಗಿ ನಿಂತು ಸಂಯಮದಿಂದ ನೀರು ಬಳಸುತ್ತಿದ್ದಾರೆ."

ಮೈಯೆಲ್ಲ ಉರಿಯಿತು. ಕಾಗದ ಬರೆದು ಕೇಳಿದೆ. "ಈಗಿನ ಕಾಲದಲ್ಲಿ ಹಾಹಾಕಾರ ಎಂಬ ಪದ ಬೇಡ" ಅಂತ ಒಂದೇ ಸಾಲಿನ ಉತ್ತರ ಬಂತು.

ಮುಂದಿನ ವಾರ ಆ ಬೀದಿಗೆ ಹೋದಾಗ ಕೊಡಗಳು ಇದ್ದಲ್ಲೇ ಇದ್ದವು. ಒಬ್ಬಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಸ್ವಾಮಿ, ನಮ್ ಬೀದಿ ಪೇಪರಲ್ಲಿ ಬಂದೈತಂತೆ. ಮೇಷ್ಟ್ರು ಓದಿ ಹೇಳಿದ್ರು. ಸಂಯಮ ಅಂದ್ರೆ ಏನು?"

ನಾನು ತಡವರಿಸಿದೆ. "ಅಂದ್ರೆ... ಸ್ವಲ್ಪ ಸ್ವಲ್ಪವೇ ಬಳಸೋದು ಕಣಮ್ಮ."

ಅವಳು ತನ್ನ ಖಾಲಿ ಕೊಡವನ್ನು ಎತ್ತಿ ನನ್ನ ಮುಂದೆ ಬೋರಲು ಹಾಕಿದಳು. "ಹಂಗಾದ್ರೆ ತಗಳಿ, ಇದ್ರ ತುಂಬಾ ಅದೇ ಐತೆ."

ಅವಸರ ಏನಿತ್ತು?

ಬರೀ ಪತ್ರಿಕೆಯವರನ್ನು ಬೈದರೆ ಪಕ್ಷಪಾತವಾದೀತು. ಓದುವವರೇನು ಕಮ್ಮಿಯೇ?

ಕಡೂರಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಹೋಟೆಲು. ಮಾಲೀಕರು ಒಂದು ಪಕ್ಷದ ಕಟ್ಟಾ ಅಭಿಮಾನಿ. ಒಂದು ಸಲದ ಚುನಾವಣೆಯಲ್ಲಿ ಅವರ ಅಭ್ಯರ್ಥಿ ಸೋತ. ನಾನು ಸೇರಿಸಿದ್ದೂ ಇಲ್ಲ, ಕಳೆದದ್ದೂ ಇಲ್ಲ, ಯಾರು ಗೆದ್ದರು, ಯಾರು ಸೋತರು, ಇಷ್ಟೇ ಬರೆದಿದ್ದೆ. ಅದೊಂದು ಸಲ ಉಪಸಂಪಾದಕರೂ ಕೈಯಾಡಿಸಿರಲಿಲ್ಲ.

ಅದು ಅಚ್ಚಾದ ಮರುದಿನ ಕಾಫಿಗೆ ಹೋದೆ. ಕಾಫಿ ಬರಲಿಲ್ಲ. ಕೂಗಿದೆ. ಆಗಲೂ ಬರಲಿಲ್ಲ. ಕೊನೆಗೆ ಮಾಲೀಕರೇ ಎದ್ದು ಬಂದರು. "ನಿಮ್ ಪೇಪರ್ ಇವತ್ತಿಂದ ನಿಲ್ಲಿಸ್ಬಿಟ್ಟೆ ಕಣ್ರೀ."

"ಯಾಕೆ ಸ್ವಾಮಿ?"

"ನಮ್ಮೋರು ಸೋತ್ರು ಅಂತ ದೊಡ್ಡಕ್ಷರದಲ್ಲಿ ಹಾಕಿದ್ದೀರಲ್ಲ!"

"ಸೋತಿದ್ದು ನಿಜ ತಾನೇ?"

"ನಿಜಾನೇ ಇರ್ಲಿ. ಹಾಕಕ್ಕೆ ಅಷ್ಟೊಂದು ಅವಸರ ಏನಿತ್ತು? ಊರೋರಿಗೆ ನಿಧಾನಕ್ಕೆ ಗೊತ್ತಾಗ್ತಿರ್ಲಿಲ್ವಾ?"

ನನಗೆ ರೇಗಿ ಹೋಯಿತು. "ಹಾಗಾದ್ರೆ ಪಕ್ಷಪಾತ ಇಲ್ಲದ ಪೇಪರ್ ಹೇಗಿರಬೇಕು, ನೀವೇ ಹೇಳಿ" ಅಂದೆ.

ಅವರು ಒಂದು ನಿಮಿಷವೂ ಯೋಚಿಸಲಿಲ್ಲ. "ಎರಡೂ ಪಕ್ಷಾನ ಒಂದೇ ಸಮ ನೋಡ್ಬೇಕು. ನಮ್ದನ್ನ ಗೆಲ್ಲಿಸ್ಬೇಕು."

ಬೆಳೆಯದ ಕೂಸು

ತರೀಕೆರೆಯಲ್ಲಿ ಸಂತೆಯ ದಿನ ಆಳುವ ಪಕ್ಷದ ನಾಯಕರೊಬ್ಬರ ಭಾಷಣ ಇಟ್ಟುಕೊಂಡಿದ್ದರು. ಸಂತೆಗೆ ಬಂದವರು ಹೇಗೂ ಇದ್ದರು, ಮೈಕು ಕೂಗಿದ ಕಡೆ ತಿರುಗಿ ನೋಡಿದರು. ಊರಿನ ಫೋಟೋ ಸ್ಟುಡಿಯೋದವರು ಆ ಹೊತ್ತಿಗೆ ಸರಿಯಾಗಿ ಒಂದು ಫೋಟೋ ತೆಗೆದರು. ಎಲ್ಲರಿಗಿಂತ ಮುಂದೆ ಸೊಪ್ಪು ಮಾರುವ ಹೆಂಗಸು, ತೊಡೆಯ ಮೇಲೆ ಹಾಲು ಕುಡಿಯುವ ಹೆಣ್ಣುಕೂಸು. "ಸಂತೆಯ ಜನವೂ ಸೇರಿದ್ದರು" ಅಂತ ನಾನು ಬರೆದ ಸಾಲನ್ನು ತೆಗೆದು, ಫೋಟೋದ ಕೆಳಗೆ "ತರೀಕೆರೆಯಲ್ಲಿ ಜನಸಾಗರ" ಅಂತ ಹಾಕಿದರು. ಹೋಗಲಿ ಬಿಡು ಅಂದುಕೊಂಡೆ.

ಕೆಲವು ವರ್ಷ ಕಳೆಯಿತು. ಸರ್ಕಾರ ಬದಲಾಯಿತು. ಸರ್ಕಾರಕ್ಕಿಂತ ಒಂದು ದಿನ ಮುಂಚೆಯೇ ನಮ್ಮ ಪತ್ರಿಕೆ ಬದಲಾಗಿತ್ತು. ಈಗ ಇನ್ನೊಂದು ಪಕ್ಷದ ನಾಯಕರು ತರೀಕೆರೆಗೆ ಬಂದರು. ಬಂದಿದ್ದ ಜನ ಒಂದು ಬಸ್ಸಿಗೂ ಸಾಲುತ್ತಿರಲಿಲ್ಲ. ಹಾಗಂತಲೇ ಬರೆದೆ, ಫೋಟೋ ಕಳಿಸಲಿಲ್ಲ.

ಮೂರನೇ ದಿನ ಪೇಪರ್ ಬಿಡಿಸಿದರೆ ಅದೇ ಜನಸಾಗರ! ಹಳೇ ಫೋಟೋದ ಅಚ್ಚು ಕಚೇರಿಯಲ್ಲಿ ಇತ್ತಂತೆ, ಹಾಕಿದರು. ಬಾವುಟ ಯಾವುದೂ ಕಾಣುತ್ತಿರಲಿಲ್ಲವಾದ್ದರಿಂದ ಯಾವ ಪಕ್ಷಕ್ಕೂ ಒಗ್ಗುತ್ತಿತ್ತು.

ಮುಂದಿನ ಸಂತೆಯಲ್ಲಿ ಸೊಪ್ಪಿನಾಕೆ ನನ್ನನ್ನು ದೂರದಿಂದಲೇ ಹಿಡಿದಳು. "ಬನ್ನಿ ಇಲ್ಲಿ ಪೇಪರ್ನೋರೇ! ಆವಾಗ ನಾನು ಆ ಪಕ್ಷದೋಳು ಅಂತ ನಮ್ಮ ಮಾವ ಬೈದ್ರು. ಈಗ ಈ ಪಕ್ಷದೋಳು ಅಂತ ನಮ್ಮಣ್ಣ ಬೈತಾವ್ನೆ. ನಾನು ಯಾರ ಭಾಷಣನೂ ಕೇಳ್ಲಿಲ್ಲ. ಸೊಪ್ಪು ಮಾರಕ್ಕೆ ಬಂದಿದ್ದೆ."

"ತಪ್ಪಾಯ್ತು ಕಣಮ್ಮ, ನಾನು ಹಾಕಿದ್ದಲ್ಲ..."

"ಅದು ಸಾಯ್ಲಿ ಬಿಡಿ." ಪಕ್ಕದಲ್ಲಿ ಸ್ಲೇಟು ಹಿಡಿದು ಕೂತಿದ್ದ ಮಗಳ ರಟ್ಟೆ ಹಿಡಿದು ಎಬ್ಬಿಸಿ ನನ್ನ ಮುಂದೆ ನಿಲ್ಲಿಸಿದಳು. "ಇವ್ಳು ಒಂದ್ನೇ ಕ್ಲಾಸಿಗೆ ಹೋಗ್ತಾವ್ಳೆ. ನಿಮ್ ಪೇಪರಲ್ಲಿ ಇನ್ನೂ ಹಾಲು ಕುಡೀತಾ ಕುಂತವ್ಳಲ್ಲ, ನಾಚ್ಕೆ ಆಗಲ್ವಾ ಅವಳ್ಗೆ?"

ಬಂದಿದ್ರು ಸ್ವಾಮಿ

ಲಿಂಗದಹಳ್ಳಿಯಿಂದ ಆಚೆ, ಬೆಟ್ಟದ ಬುಡದ ಕಡೆಗೆ ಒಂದು ಸಣ್ಣ ಊರು. ಊರಿಗೂ ರಸ್ತೆಗೂ ನಡುವೆ ಒಂದು ಹಳ್ಳ. ಮಳೆ ಹಿಡಿದರೆ ಮೇಷ್ಟರು ದಾಟಿ ಬರಲಾಗದೆ ಮಕ್ಕಳಿಗೆ ಶಾಲೆಯಿಲ್ಲ, ಬಸುರಿಯರಿಗೆ ಆಸ್ಪತ್ರೆಯಿಲ್ಲ. ಒಮ್ಮೆ ಹೆರಿಗೆ ನೋವು ಬಂದ ಹೆಂಗಸನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಎದೆಮಟ್ಟದ ನೀರಿನಲ್ಲಿ ದಾಟಿಸಿದ್ದರು. ಆ ಹಳ್ಳದ ಬಗ್ಗೆ ನಾನು ಏಳು ಸಲ ಬರೆದೆ. ಏಳು ಸಲವೂ ಅಚ್ಚಾಗಲಿಲ್ಲ. "ಇದನ್ನ ಹಾಕಿದ್ರೆ ವಿರೋಧ ಪಕ್ಷದೋರಿಗೆ ಅನುಕೂಲ ಆಗತ್ತೆ ಕಣ್ರೀ" ಅಂತ ಉಪಸಂಪಾದಕರ ಸಮಾಧಾನ. ಹಳ್ಳಕ್ಕೆ ಯಾವ ಪಕ್ಷ?

ಆಮೇಲೆ ಸಚಿವರೊಬ್ಬರು ಆ ಊರಿಗೇ ಶಾಲೆಯ ಕೋಣೆ ಉದ್ಘಾಟನೆಗೆ ಬರುತ್ತಾರೆ ಅಂತಾಯಿತು. ಜನ ಚಪ್ಪರ ಹಾಕಿ, ಮಾವಿನ ತೋರಣ ಕಟ್ಟಿ, ಸೇತುವೆಗೆ ಅರ್ಜಿ ಬರೆದುಕೊಂಡು ಬೆಳಗಿನಿಂದ ಕಾದರು. ನಾನೂ ಕಾದೆ. ಮಧ್ಯಾಹ್ನವಾಯಿತು. ಮೂರು ಗಂಟೆಯಾಯಿತು. ಕೊನೆಗೊಂದು ಜೀಪು ಬಂತು. ಸಚಿವರು ಕೆಮ್ಮಣ್ಣುಗುಂಡಿಯಲ್ಲಿ ಊಟ ಮಾಡಿ ಮಲಗಿದವರು, ಎದ್ದು ನೇರವಾಗಿ ಹೊರಟುಹೋದರು ಅಂತ ತಿಳಿಸಿ ಜೀಪೂ ಹೋಯಿತು. ಮುದುಕಿಯೊಬ್ಬಳು ಸಚಿವರಿಗೆಂದು ತಂದಿದ್ದ ಹಾರವನ್ನು ಹಸುವಿನ ಕೊರಳಿಗೆ ಹಾಕಿ ಮನೆಗೆ ಹೋದಳು.

ನಾನು ತರೀಕೆರೆಗೆ ಓಡಿ ಟೆಲಿಗ್ರಾಂ ಕೊಟ್ಟೆ: "ಸಚಿವರು ಬರಲಿಲ್ಲ."

ಮರುದಿನ ಪೇಪರಿನಲ್ಲಿ ಸಚಿವರು ಬಂದಿದ್ದರು. ಉದ್ಘಾಟಿಸಿದ್ದರು. ಅರ್ಧ ಪುಟ ಭಾಷಣ ಮಾಡಿದ್ದರು. "ಮುಂದಿನ ಮಳೆಗಾಲದೊಳಗೆ ಈ ಹಳ್ಳಕ್ಕೆ ಸೇತುವೆ ಕಟ್ಟಿಸುತ್ತೇನೆ ಎಂದು ಘೋಷಿಸಿದಾಗ ಜನರು ದೀರ್ಘ ಕರತಾಡನ ಮಾಡಿದರು."

ಟ್ರಂಕ್ ಕಾಲ್ ಮಾಡಿ ಕಿರುಚಿದೆ. ಉಪಸಂಪಾದಕರು ತಣ್ಣಗೆ ಹೇಳಿದರು: "ಸಚಿವರ ಕಚೇರಿಯೋರು ಭಾಷಣದ ಪ್ರತಿ ಮೊದಲೇ ಕಳಿಸಿದ್ರು ಕಣ್ರೀ. ನಿಮ್ಮ ಟೆಲಿಗ್ರಾಂ ಬರೋ ಹೊತ್ತಿಗೆ ಅಚ್ಚಿನ ಮೊಳೆ ಜೋಡಿಸಿ ಆಗಿತ್ತು. ಅವರು ಬಂದಿದ್ರೆ ಇದನ್ನೇ ತಾನೇ ಹೇಳ್ತಿದ್ದಿದ್ದು? ಕರತಾಡನ ಒಂದು ನಾನು ಸೇರಿಸ್ದೆ ಅಷ್ಟೆ."

ಇದನ್ನು ಮಾತ್ರ ಬಿಡುವುದಿಲ್ಲ ಅಂದುಕೊಂಡೆ. ಸಚಿವರು ಬರಲೇ ಇಲ್ಲ ಅಂತ ಕಾಗದ ಟೈಪು ಮಾಡಿ, ಊರವರ ಸಹಿ ಹಾಕಿಸಿ ಸಂಪಾದಕರ ಮೇಜಿನ ಮೇಲೆ ಬಿಸಾಡಬೇಕು, ಆಮೇಲೆ ಕೆಲಸ ಹೋದರೂ ಚಿಂತೆಯಿಲ್ಲ. ಕಾಗದ ಹಿಡಿದು ಆ ಊರಿಗೆ ಹೋದೆ. ಪೇಪರಿನಲ್ಲಿ ಬಂದದ್ದನ್ನೂ ಕಾಗದವನ್ನೂ ಓದಿ ಹೇಳಿದೆ. ಒಬ್ಬರೂ ಪೆನ್ನು ಮುಟ್ಟಲಿಲ್ಲ.

"ಯಾಕ್ರಪ್ಪಾ? ನಿಮ್ಮ ಜೊತೇಲೇ ನಾನೂ ಕಾದಿಲ್ವಾ? ಸಚಿವರು ಬಂದ್ರಾ?"

ಪಟೇಲರು ಆಕಾಶ ನೋಡಿದರು. ಮುದುಕಿ ಮುಂದೆ ಬಂದಳು. "ಬಂದಿದ್ರು ಸ್ವಾಮಿ."

"ಏನಜ್ಜಿ ಹೀಗಂತೀಯಾ! ಹಾರ ಹಸುವಿಗೆ ಹಾಕಿದ್ದು ನಾನು ನೋಡಿಲ್ವಾ?"

"ಅದು ಬ್ಯಾರೆ ಹಾರ. ಸೇತುವೆ ಕಟ್ಟುಸ್ತೀನಿ ಅಂದ್ರಲ್ಲ, ಆವಾಗ ಚಪ್ಪಾಳೆ ಹೊಡ್ದು ಹೊಡ್ದು ನನ್ ಅಂಗೈ ಇನ್ನೂ ಉರೀತೈತೆ."

ಸುತ್ತ ನಿಂತವರೆಲ್ಲ ಹೌದು ಹೌದು ಅಂದರು. ಒಬ್ಬನಂತೂ ಸಚಿವರು ಭಾಷಣದ ನಡುವೆ ಎರಡು ಸಲ ಕೆಮ್ಮಿದರು ಅಂತಲೂ ಹೇಳಿದ.

ಆ ವಾರವೇ ಊರವರು ಪೇಪರಿನ ಕಟಿಂಗ್ ಹಿಡಿದು ಸಚಿವರ ಬಾಗಿಲಿಗೆ ಹೋದರು. "ತಾವು ಮಾತು ಕೊಟ್ಟಿದ್ದೀರಿ" ಅಂದರು. ಮಾತು ಕೊಟ್ಟಿಲ್ಲ ಅನ್ನಬೇಕಾದರೆ ಸಚಿವರು ತಾವು ಬಂದಿರಲಿಲ್ಲ ಅನ್ನಬೇಕು. ಮಲಗಿದ್ದೆ ಅನ್ನಬೇಕು. ಅವರು ಭಾಷಣವನ್ನು ಎರಡೆರಡು ಸಲ ಓದಿದರಂತೆ. ಕೊನೆಗೆ "ಹೂಂ, ಅಂದಿದ್ದೆ" ಅಂದರಂತೆ.

ಮಳೆಗಾಲಕ್ಕೆ ಮುಂಚೆ ಸೇತುವೆ ಆಯಿತು. ಏಳು ಸಲ ನಿಜ ಬರೆದವನು ನಾನು. ಅದರ ಮೇಲೆ ನಡೆದು ಹೋಗುವಾಗ ಸಂತೋಷಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಹಲ್ಲು ಕಡಿಯುತ್ತಿದ್ದೆ. ಆಚೆ ತುದಿಯಲ್ಲಿ ಅದೇ ಮುದುಕಿ ಹಸು ಹೊಡೆದುಕೊಂಡು ಬರುತ್ತಿದ್ದಳು. ನನ್ನನ್ನು ಕಂಡು ನಿಂತಳು.

"ಪೇಪರ್ ಸ್ವಾಮೇರು, ಒಳ್ಳೆ ಟೈಮಿಗೆ ಸಿಕ್ಕಿದ್ರಿ. ಹಳ್ಳ ದಾಟಿದ್ರೂ ಆಸ್ಪತ್ರೇಲಿ ಡಾಕ್ಟ್ರೇ ಇಲ್ಲ. ಸಚಿವರಿಗೆ ಒಂದ್ ಮಾತು ಹೇಳಿ, ಇನ್ನೊಂದ್ ಸಲ ಬರ್ದೇ ಇರ್ಲಿ."