ಡೋಲಿನ ಮೇಲೆ ಕೂತ ಆನೆ

ಪತ್ತೇದಾರನ ಆ ದಿನ ಹಾಳಾಗಿದ್ದು ಒಂದು ಆನೆಯಿಂದ. ಆನೆ ಊರಲ್ಲೇನೂ ಇರಲಿಲ್ಲ. ಅವನೇ ಬರೆದ ಪುಸ್ತಕದ ಏಳನೇ ಅಧ್ಯಾಯದಲ್ಲಿ ತನ್ನ ಪಾಡಿಗೆ ತಾನಿತ್ತು.

ಪತ್ತೇದಾರ ಅಂದರೆ ನಿಜವಾದ ಪತ್ತೇದಾರನಲ್ಲ, ನೀರು ಸರಬರಾಜು ಕಚೇರಿಯ ಗುಮಾಸ್ತ. ಸಂಜೆ ಹೊತ್ತು ಅಡುಗೆಮನೆಯ ಮೇಜಿನ ಮೇಲೆ ಒಂದು ಪತ್ತೇದಾರಿ ಕಾದಂಬರಿ ಬರೆದು ಅಚ್ಚು ಹಾಕಿಸಿದ ತಪ್ಪಿಗೆ ಬೀದಿಯವರು ಇಟ್ಟ ಹೆಸರು ಅದು. ಮನೆಯಲ್ಲಿ ಕಳೆದುಹೋದ ಕಾಲುಚೀಲವನ್ನೂ ಅವನು ಇದುವರೆಗೆ ಪತ್ತೆ ಹಚ್ಚಿದವನಲ್ಲ. ಕಾದಂಬರಿಯಲ್ಲಿ ಒಂದು ಸರ್ಕಸ್ಸು, ಸರ್ಕಸ್ಸಿನಲ್ಲೊಂದು ಕೊಲೆ. ವಾದ್ಯದವರ ದೊಡ್ಡ ಡೋಲಿನ ಮೇಲೆ ಆನೆ ಕುಕ್ಕರಿಸುತ್ತದೆ, ಡೋಲು ಢಮಾರೆನ್ನುತ್ತದೆ, ಅದೇ ಸದ್ದಿನಲ್ಲಿ ಕೊಲೆಗಾರ ಗುಂಡು ಹಾರಿಸಿಬಿಡುತ್ತಾನೆ. ಕಾದಂಬರಿಯೆಲ್ಲ ನಿಂತಿದ್ದು ಆ ಆನೆಯ ಹಿಂಭಾಗದ ಮೇಲೆ.

ಅವತ್ತು ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿ, ತಲೆಗೆ ಎರಡು ಸಲ ಎಣ್ಣೆ ಹಚ್ಚಿ ಹೊರಟಿದ್ದ. ಕಚೇರಿಯ ಹೆಡ್ ಗುಮಾಸ್ತರು ನಿವೃತ್ತರಾಗಿದ್ದರು. ಆ ಕುರ್ಚಿ ಯಾರಿಗೆ ಅನ್ನುವುದನ್ನು ಸಂಜೆಯೊಳಗೆ ಸಾಹೇಬರು ತೀರ್ಮಾನಿಸುವವರಿದ್ದರು. ಹನ್ನೆರಡು ವರ್ಷದಿಂದ ಅವನು ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ, ಯಾರೂ ಇಲ್ಲದಾಗ ಎರಡು ಸಲ ಕೂತೂ ನೋಡಿದ್ದ.

ಗೇಟಿನ ಹತ್ತಿರ ತಪ್ಪುಮಾವ ಸಿಕ್ಕರು. ಛಾಪಖಾನೆಯಲ್ಲಿ ಕರಡು ತಿದ್ದಿ ತಿದ್ದಿ ನಿವೃತ್ತರಾದವರು. ನಿವೃತ್ತರಾದ ಮೇಲೂ ಕೈ ಸುಮ್ಮನಿರದೆ ಔಷಧಿ ಬಾಟಲಿಯ ಚೀಟಿ, ಬಸ್ಸಿನ ಬೋರ್ಡು ಎಲ್ಲ ತಿದ್ದುತ್ತಿದ್ದರು. ಹೊಸ ಪುಸ್ತಕ ಬಂದರೆ ತಪ್ಪು ಹುಡುಕಿ ಲೇಖಕರಿಗೇ ಕಾಗದ ಬರೆಯುತ್ತಿದ್ದರು. ಅವರ ಕಾಗದ ತಲುಪಿದ ಮೇಲೆ ಒಬ್ಬ ಕಾದಂಬರಿಕಾರ ಬರೆಯುವುದನ್ನೇ ಬಿಟ್ಟಿದ್ದ, ಇನ್ನೊಬ್ಬ ಮನೆ ಬದಲಾಯಿಸಿದ್ದ.

"ಏನಪ್ಪಾ ಪತ್ತೇದಾರ, ಪುಸ್ತಕ ಓದ್ದೆ. ಚೆನ್ನಾಗಿದೆ. ಆದ್ರೆ ಆನೆ ಡೋಲಿನ ಮೇಲೆ ಕೂರಲ್ಲ. ಅದು ತಪ್ಪು," ಅಂದರು.

ಬೇರೆ ದಿನವಾಗಿದ್ದರೆ ಪತ್ತೇದಾರ ನಕ್ಕು ಮುಂದೆ ಹೋಗುತ್ತಿದ್ದ. ಆದರೆ ಎಣ್ಣೆ ಹಚ್ಚಿದ ತಲೆ, ಬಿಸಿಯಾಯಿತು.

"ಕಣ್ಣಾರೆ ನೋಡಿದೀನಿ ಮಾವ. ಹೋದ ವರ್ಷ ಇಲ್ಲಿಗೇ ಬಂದಿತ್ತಲ್ಲ ಸರ್ಕಸ್ಸು, ಬುಧವಾರ ಮಧ್ಯಾಹ್ನದ ಆಟ. ಎರಡನೇ ಸಾಲಲ್ಲಿ ಕೂತಿದ್ದೆ. ಆನೆ ಡೋಲಿನ ಮೇಲೆ ಕೂತಿದ್ದು ಅದೊಂದೇ ಸಲ, ಮಾರನೇ ದಿನ ಅವರು ಗುಡಾರಾನೇ ಕಿತ್ತುಕೊಂಡು ಹೋದ್ರು."

"ಅಷ್ಟು ಖಚಿತವಾಗಿ ಹೇಳ್ತೀಯಾ?"

"ಬೇಕಾದ್ರೆ ಬೀದಿಗೆಲ್ಲ ಕೇಳೋ ಹಾಗೆ ಹೇಳ್ತೀನಿ," ಅಂದ. ಹಾಗೆಯೇ ಹೇಳಿದ. ಬಟ್ಟೆ ಒಣಗಿಸುತ್ತಿದ್ದ ಅವನ ಹೆಂಡತಿಯ ಕೈ ಹಗ್ಗದ ಮೇಲೇ ನಿಂತಿತು. ಅವನು ಅದನ್ನು ಗಮನಿಸಲಿಲ್ಲ. ದಿನಾ ಮಾತಾಡುವುದನ್ನು ಕೇಳಿಸಿಕೊಂಡಿದ್ದೇ ಸಾಕು, ಬರೆದದ್ದನ್ನು ಬೇರೆ ಓದಬೇಕಾ ಅಂತ ಅವಳು ಪುಸ್ತಕವನ್ನು ಮುಟ್ಟಿಯೂ ಇರಲಿಲ್ಲ.

ಬಸ್ಸಿನಲ್ಲಿ ಪಕ್ಕದವನಿಗೆ ಆನೆಯ ಕತೆ ಹೇಳಿದ. ಕಂಡಕ್ಟರನಿಗೆ ಹೇಳಿದ. ಕಚೇರಿಗೆ ಬಂದು ಟೈಪಿಸ್ಟ್ ಅಕ್ಕನಿಗೂ ಹೇಳಿದ. ಅಕ್ಕ ಟೈಪು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು.

"ಹೋದ ವರ್ಷ, ಸರ್ಕಸ್ಸು ಹೊರಡೋ ಹಿಂದಿನ ದಿನ. ಬುಧವಾರ ಮಧ್ಯಾಹ್ನ," ಅಂದರು.

"ಹೌದಕ್ಕ."

"ಅವತ್ತು ನೀನು ಹಲ್ಲು ಕೀಳಿಸ್ಕೊಳ್ಳೋಕೆ ಅಂತ ಅರ್ಧ ದಿನ ರಜೆ ಹಾಕಿದ್ದೆ ಅಲ್ವೇನೋ? ಸಾಹೇಬ್ರು ಟ್ಯಾಂಕ್ ತಪಾಸಣೆ ಅಂತ ಹೋದ್ರು. ನಾನೊಬ್ಬಳೇ ಕೂತು, ನೀರು ಬಂದಿಲ್ಲ ಅಂತ ಊರೋರೆಲ್ಲ ಬೈದಿದ್ದನ್ನ ಫೋನಲ್ಲಿ ಕೇಳಿಸ್ಕೊಂಡೆ. ಮರೆಯೋಕಾಗತ್ತಾ?"

ಪತ್ತೇದಾರನ ಮುಖ ಒದ್ದೆ ಸುಣ್ಣದ ಗೋಡೆಯ ಹಾಗಾಯಿತು. ಎಲ್ಲ ನೆನಪಾಯಿತು. ಮಾರನೇ ದಿನ ದವಡೆಯಲ್ಲಿ ಹತ್ತಿ ತುರುಕಿಕೊಂಡು ಬಂದಿದ್ದ. ಮಾತು ಬರದವನ ಹಾಗೆ ಮೂರು ದಿನ ಕೈಸನ್ನೆ ಮಾಡಿದ್ದ. ಮರುಗಿದ ಸಾಹೇಬರು ಲವಂಗದೆಣ್ಣೆಯ ಸೀಸೆಯನ್ನೇ ಕೊಟ್ಟಿದ್ದರು.

ಅಷ್ಟರಲ್ಲಿ ಜವಾನ ಬಂದ. ಸಾಹೇಬರು ಬೆಳಿಗ್ಗೆಯಿಂದ ಫೈಲು ಮುಟ್ಟಿಲ್ಲವಂತೆ, ಕೆಂಪು ಪೆನ್ಸಿಲ್ಲು ಹಿಡಿದು ಅವನ ಪುಸ್ತಕ ಓದುತ್ತಿದ್ದಾರಂತೆ. ಆರನೇ ಅಧ್ಯಾಯ ಮುಗಿಯಿತಂತೆ. ಸಂಜೆ ನಾಲ್ಕಕ್ಕೆ ಬರಬೇಕಂತೆ.

ಇದುವರೆಗೆ ಯಾವ ಲೇಖಕನಿಗೂ ತನ್ನ ಪುಸ್ತಕ ತಪ್ಪಾಗಿರಲಿ ಅನ್ನುವ ಆಸೆ ಅಷ್ಟು ಜೋರಾಗಿ ಹುಟ್ಟಿರಲಿಕ್ಕಿಲ್ಲ. ತಪ್ಪುಮಾವನೇ ಗತಿ. ಆನೆ ಕೂರಲಿಲ್ಲ, ನೀವೇ ಸರಿ ಅಂತ ಅವರ ಮುಂದೆ ಒಪ್ಪಿಕೊಂಡರೆ ಸಾಕು, ಅವರು ಸಂಜೆಯೊಳಗೆ ಊರಿಗೆಲ್ಲ ಹಂಚುತ್ತಾರೆ. ಊಟದ ಹೊತ್ತಿಗೆ ಎದ್ದುಬಿದ್ದು ಅವರ ಮನೆಗೆ ಓಡಿದ. ಬಾಗಿಲು ತೆಗೆದಿದ್ದು ಅವರ ಸೊಸೆ.

ಮಾವ ಮನೆಯಲ್ಲಿರಲಿಲ್ಲ. ಬೆಳಿಗ್ಗೆಯಿಂದ ಕಾಫಿಯನ್ನೂ ಕುಡಿಯದೆ ಒದ್ದಾಡಿದರಂತೆ. ಅವನು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ತಪ್ಪು ನನ್ನದೇ ಇರಬಹುದು, ಹಾಗಿದ್ದರೆ ಅವನ ಕಚೇರಿಗೇ ಹೋಗಿ ಎಲ್ಲರ ಎದುರು ಒಪ್ಪಿಕೊಳ್ಳಬೇಕು ಅಂದರಂತೆ. ಆ ಸರ್ಕಸ್ಸಿನ ಡೋಲಿನವನು ಡೋಲು ಒಡೆದುಹೋದ ಮೇಲೆ ಸರ್ಕಸ್ಸು ಬಿಟ್ಟು ಇದೇ ಊರಲ್ಲಿ ಸೈಕಲ್ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ ಅಂತ ಯಾರೋ ಹೇಳಿದರಂತೆ, ಅವನನ್ನು ಹುಡುಕಿಕೊಂಡು ಹೋದರಂತೆ.

ಪತ್ತೇದಾರ ಊರಿನ ಪಂಕ್ಚರ್ ಅಂಗಡಿಗಳನ್ನೆಲ್ಲ ಸುತ್ತಿದ. ಹೋದಲ್ಲೆಲ್ಲ ಸೈಕಲ್ ಎಲ್ಲಿ ಅಂತ ಕೇಳಿದರು. ಬೆವರಿಗೆ ತಲೆಯ ಎಣ್ಣೆಯೆಲ್ಲ ಇಳಿದು ಶರ್ಟು ಇಸ್ತ್ರಿ ಮರೆತಿತು. ಅದೇ ಸ್ಥಿತಿಯಲ್ಲಿ ನಾಲ್ಕಕ್ಕೆ ಸಾಹೇಬರ ಕೋಣೆಗೆ ಹೋದ.

ಮೇಜಿನ ಮೇಲೆ ಪುಸ್ತಕ. ಅದರ ಪಕ್ಕ ಹೆಡ್ ಗುಮಾಸ್ತರ ನೇಮಕದ ಆದೇಶ, ಹೆಸರಿನ ಜಾಗ ಖಾಲಿ. ಗೋಡೆಯ ಗೂಟದಲ್ಲಿ ಸಾಹೇಬರ ಹ್ಯಾಟು, ಅದರ ಅಂಚಲ್ಲಿ ಅರ್ಧಚಂದ್ರದಷ್ಟು ತುಣುಕು ಇಲ್ಲ. ಇಲಿ ಕಡಿದದ್ದು ಅಂತ ಸಾಹೇಬರೇ ಹೇಳಿ ಕಚೇರಿಗೆ ನಾಲ್ಕು ಇಲಿಬೋನು ತರಿಸಿದ್ದರು. ಒಂದು ವರ್ಷದಲ್ಲಿ ಒಂದು ಇಲಿಯೂ ಬಿದ್ದಿರಲಿಲ್ಲ.

"ಏಳನೇ ಅಧ್ಯಾಯ ಓದ್ದೆ. ಇದೆಲ್ಲ ನೀವು ನೋಡಿ ಬರೆದಿದ್ದಾ, ಕಲ್ಪನೇನಾ?"

ಪತ್ತೇದಾರ ಒಂದೇ ಉಸಿರಿಗೆ ಸುರಿದುಬಿಟ್ಟ. ಎಲ್ಲ ಕಲ್ಪನೆ. ಆನೆ ತಪ್ಪು, ಡೋಲು ತಪ್ಪು. ತಾನು ಹುಟ್ಟಿದಾಗಿನಿಂದ ಸರ್ಕಸ್ಸನ್ನೇ ನೋಡಿಲ್ಲ.

ಸಾಹೇಬರ ಮುಖ ಯಾಕೋ ಅರಳುತ್ತ ಬಂತು. ಕೆಂಪು ಗೆರೆ ಎಳೆದ ಜಾಗಕ್ಕೆ ಬೆರಳಿಟ್ಟು, "ಮುಂದಿನ ಸಾಲಲ್ಲಿ ಹ್ಯಾಟು ಹಾಕ್ಕೊಂಡು ಹಿಂದಿನವರಿಗೆ ಆಟಾನೇ ಕಾಣದ ಹಾಗೆ ಕೂತಿದ್ದ ಕುಂಬಳಕಾಯಿ ತಲೆಯ ದಡ್ಡ ಅಂತಿದೆ. ಇದೂ ಕಲ್ಪನೇನಾ?" ಅಂದರು.

"ಅದು ಎಲ್ಲಕ್ಕಿಂತ ದೊಡ್ಡ ತಪ್ಪು ಸಾರ್. ಅಂಥ ತಲೆ ಮನುಷ್ಯರಿಗೆ ಇರೋಕೇ ಸಾಧ್ಯವಿಲ್ಲ."

ಸಾಹೇಬರು ಒಂದು ಕ್ಷಣ ತಮ್ಮ ತಲೆ ಸವರಿಕೊಂಡರು. ಆಮೇಲೆ ಆದೇಶ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಮೊನೆ ಇನ್ನೇನು ಕಾಗದಕ್ಕೆ ತಾಕಬೇಕು, ಬಾಗಿಲು ತೆರೆಯಿತು.

ತಪ್ಪುಮಾವ. ಅವರ ಪಕ್ಕದಲ್ಲಿ ಕೈಯೆಲ್ಲ ಗ್ರೀಸು ಮೆತ್ತಿದ ಒಬ್ಬ ಆಸಾಮಿ. ಹಿಂದೆ ಟೈಪಿಸ್ಟ್ ಅಕ್ಕ, ಜವಾನ, ಇಡೀ ಕಚೇರಿ.

"ಸಾಹೇಬ್ರೇ, ನಾನು ಬೆಳಿಗ್ಗೆ ಇವನ ಪುಸ್ತಕದಲ್ಲಿ ತಪ್ಪಿದೆ ಅಂದೆ. ತಪ್ಪು ನನ್ನದೇ. ಇವರೇ ಡೋಲಿನವರು. ಹೇಳಪ್ಪಾ, ಎರಡನೇ ಸಾಲಲ್ಲಿ ಇವನು ಕೂತಿದ್ನಾ?"

ಡೋಲಿನವನು ಪತ್ತೇದಾರನನ್ನು ಮೇಲಿಂದ ಕೆಳಗೆ ನೋಡಿದ. "ಇವರ ಗುರುತಿಲ್ಲ ಬುದ್ಧಿ. ಎರಡನೇ ಸಾಲು ನಮಗೆ ಕಾಣ್ತಾನೇ ಇರ್ಲಿಲ್ಲ, ಮುಂದೆ ಯಾರದೋ ಹ್ಯಾಟು ಅಡ್ಡ ಇತ್ತು."

ಪತ್ತೇದಾರನಿಗೆ ಹೋದ ಜೀವ ಬಂತು. ಬಂದ ಜೀವ ಸರಿಯಾಗಿ ಕೂರುವ ಮೊದಲೇ ಡೋಲಿನವನ ಕಣ್ಣು ಗೂಟದ ಕಡೆ ಹೋಯಿತು.

"ಅಗೋ, ಅದೇ ಹ್ಯಾಟು. ಸಾರ್, ನೀವಾ? ಆನೆ ಗಾಬರಿಯಾಗಿ ಎದ್ದು ನಿಮ್ಮ ತಲೆ ಮೇಲಿಂದ ಎತ್ಕೊಂಡು ಬಾಯಿಗೆ ಹಾಕ್ಕೊಂಡಾಗ ಕಿತ್ತು ಕೊಟ್ಟಿದ್ದು ನಾನೇ ಅಲ್ವಾ? ಚೆನ್ನಾಗಿದೀರಾ ಸಾರ್?"

ಟೈಪಿಸ್ಟ್ ಅಕ್ಕ, "ಟ್ಯಾಂಕ್ ತಪಾಸಣೆ," ಅಂದರು, ಯಾರಿಗೂ ಅಲ್ಲ, ಗಾಳಿಗೆ.

ಸಾಹೇಬರು ಹಳೆಯ ಹುಲಿ. ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು.

"ಪುಸ್ತಕ ಬರೆದೋರೇ ಇಲ್ಲಿದಾರೆ. ಅವರನ್ನೇ ಕೇಳೋಣ. ಆನೆ ಕೂತಿತ್ತಾ?"

ಎಲ್ಲರೂ ಪತ್ತೇದಾರನನ್ನು ನೋಡಿದರು. ಕೂತಿತ್ತು ಅಂದರೆ ಅವನ ಹಲ್ಲೂ ಸಾಹೇಬರ ಟ್ಯಾಂಕೂ ಒಟ್ಟಿಗೆ ಬಯಲಾಗುತ್ತವೆ.

"ಕೂತಿರಲಿಲ್ಲ ಸಾರ್."

"ಸರ್ಕಸ್ಸು?"

"ಬಂದೇ ಇರಲಿಲ್ಲ ಸಾರ್."

ಡೋಲಿನವನು ತನ್ನ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡ. ತಾನು ಎಂದಾದರೂ ಡೋಲು ಬಡಿದದ್ದುಂಟೇ ಅಂತ ಅವನಿಗೇ ಅನುಮಾನ ಬಂದಿತ್ತು.

"ಕೇಳಿದ್ರಲ್ಲ," ಅಂದರು ಸಾಹೇಬರು. ಪತ್ತೇದಾರ ಅವರ ಮಾನ ಉಳಿಸಿದ್ದ, ಆ ಕೃತಜ್ಞತೆ ಅವರ ಕಣ್ಣಲ್ಲಿ ಕಾಣುತ್ತಲೂ ಇತ್ತು. ಆದರೆ ಬಾಗಿಲಲ್ಲಿ ಅಷ್ಟು ಜನ ನಿಂತಿದ್ದರು. "ಬರದೇ ಇರೋ ಸರ್ಕಸ್ಸನ್ನ ಬಂತು ಅಂತ ಬರೆಯೋರು ನಾಳೆ ಬರದೇ ಇರೋ ನೀರನ್ನೂ ಬಂತು ಅಂತ ಬರೀತಾರೆ. ಇಂಥವರನ್ನ ಹೆಡ್ ಗುಮಾಸ್ತ ಮಾಡಿದ್ರೆ, ನಾನು ಈ ಪುಸ್ತಕ ನಂಬಿದೀನಿ ಅಂತ ಆಗಲ್ವಾ?"

ಆ ಬುಧವಾರ ಕಚೇರಿಯಲ್ಲಿ ನಿಜವಾಗಿ ಇದ್ದವರು ಒಬ್ಬರೇ. ಖಾಲಿ ಜಾಗದಲ್ಲಿ ಟೈಪಿಸ್ಟ್ ಅಕ್ಕನ ಹೆಸರು ಬಿತ್ತು. ಅಕ್ಕ ಟ್ಯಾಂಕಿನ ವಿಷಯ ಅಲ್ಲಿಗೇ ಮರೆತರು.

ದಾರಿಯುದ್ದಕ್ಕೂ ತಪ್ಪುಮಾವ ಖುಷಿಯಾಗಿದ್ದರು. "ಕೊನೇಗೆ ನಾನೇ ಸರಿ ಆದೆ ನೋಡು," ಅಂತ ನಾಲ್ಕು ಸಲ ಅಂದರು. ಪತ್ತೇದಾರ ನಾಲ್ಕು ಸಲವೂ ಹೂಂ ಅಂದ. ಇದ್ದ ಕೆಲಸವಾದರೂ ಉಳಿಯಿತಲ್ಲ, ಹಲ್ಲಿನ ಸುದ್ದಿ ಯಾರೂ ಎತ್ತಲಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡು ಮನೆ ಮೆಟ್ಟಿಲು ಹತ್ತಿದ.

ಹೆಂಡತಿ ಬಾಗಿಲಲ್ಲೇ ಕೂತಿದ್ದಳು. ತೊಡೆಯ ಮೇಲೆ ಅವನ ಪುಸ್ತಕ, ಏಳನೇ ಅಧ್ಯಾಯಕ್ಕೆ ಬೆರಳಿಟ್ಟಿದ್ದಳು.

"ನೀನು ಓದ್ತಿದೀಯಾ?" ಅಂತ ಅವನು ಹಲ್ಲು ಕಿರಿಯಲು ಹೋದವನು, ಏನೋ ಹೊಳೆದು ತುಟಿ ಮುಚ್ಚಿಕೊಂಡ.

"ಸರ್ಕಸ್ಸಿಗೆ ಕರ್ಕೊಂಡು ಹೋಗಿ ಅಂತ ನಾನು ಬಾಯಿ ನೋಯೋ ಹಾಗೆ ಕೇಳಿದ್ದೆ. ರಜೆ ಇಲ್ಲ ಅಂದ್ರಿ. ಆ ಬುಧವಾರ ಸಂಜೆ ಹತ್ತಿ ಇಟ್ಕೊಂಡು ಬಂದ್ರಿ. ಮೂರು ದಿನ ಅನ್ನ ಕಿವುಚಿ ಚಮಚದಲ್ಲಿ ತಿನ್ನಿಸ್ದೆ ನಾನು."

"ಅಯ್ಯೋ, ಪುಸ್ತಕದ್ದೆಲ್ಲ ತಪ್ಪು ಕಣೇ. ಆನೆ ಕೂತೇ ಇರಲಿಲ್ಲ. ಬೇಕಾದ್ರೆ ತಪ್ಪುಮಾವನ್ನ ಕೇಳು."

"ಆನೆ ಎಲ್ಲಾದ್ರೂ ಕೂತ್ಕೊಳ್ಳಲಿ, ನನಗೇನು," ಅಂದಳು ಅವಳು. ಪುಸ್ತಕ ಪಕ್ಕಕ್ಕಿಟ್ಟು, ಸೆರಗಿನ ಅಡಿಯಿಂದ ಟಾರ್ಚು ತೆಗೆದು ಹೊತ್ತಿಸಿದಳು. "ಬಾಯಿ ತೆಗೀರಿ."

ಪತ್ತೇದಾರ ತೆಗೆದ. ಅವಳು ಸಾವಕಾಶವಾಗಿ, ಮೇಲಿನ ಸಾಲು ಮುಗಿಸಿ ಕೆಳಗಿನ ಸಾಲಿಗೆ ಇಳಿದು ಎಣಿಸಿದಳು. ಮೂವತ್ತೆರಡೂ ಇದ್ದವು. ಒಂದೂ ತಪ್ಪಿರಲಿಲ್ಲ.