ಅಮೆರಿಕದ ನೀತಿ, ಅಮ್ಮನ ಸಂಡಿಗೆ

ಅಮೆರಿಕದ ವಿದೇಶಾಂಗ ನೀತಿ ಓದಿದವನಿಗೆ ಮುಳಬಾಗಿಲಿನಲ್ಲಿ ಏನು ಕೆಲಸ ಎಂದು ನೀವು ಕೇಳಿದರೆ ನನಗೇನೂ ಬೇಸರವಿಲ್ಲ. ನಮ್ಮಪ್ಪ ದಿನಾ ಕೇಳುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದೆ. ಅದರಲ್ಲಿ ಅಮೆರಿಕದ ವಿಷಯವನ್ನೇ ಏಕೆ ಆರಿಸಿಕೊಂಡೆನೆಂದರೆ, ಅದರ ತರಗತಿ ಮಧ್ಯಾಹ್ನದ ಮೇಲಿತ್ತು. ಬೆಳಗ್ಗೆ ನಿಧಾನವಾಗಿ ಏಳಬಹುದಿತ್ತು. ಊರಿಗೆ ಬಂದಾಗ ಮಾತ್ರ ಈ ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ. ಜಗಲಿಯ ಮೇಲೆ ಕೂತು, ಆ ದೊಡ್ಡಣ್ಣ ಯಾರಿಗೆ ಗೋಧಿ ಕಳಿಸಿದ, ಯಾರಿಗೆ ಯುದ್ಧನೌಕೆ ಕಳಿಸಿದ ಎಂದು ಬಿಡಿಸಿ ಹೇಳುತ್ತಿದ್ದೆ. ಒಂದು ದಿನ ಅಪ್ಪ, "ಲೇ, ಅದೆಲ್ಲ ಇರ್ಲಿ. ನಿಮ್ಮಮ್ಮನ್ನೂ ಚಿಕ್ಕಮ್ಮನ್ನೂ ಒಂದ್ಸಲ ಒಬ್ಬರಿಗೊಬ್ಬರು ಮಾತಾಡೋ ಹಾಗೆ ಮಾಡು, ಆಗ ನೀನು ಓದಿದ್ದೀಯ ಅಂತ ಒಪ್ತೀನಿ" ಎಂದುಬಿಟ್ಟರು.

ನಮ್ಮದೂ ಚಿಕ್ಕಪ್ಪನದೂ ಅಂಟಿಕೊಂಡ ಮನೆಗಳು. ಮಾಳಿಗೆ ಮಾತ್ರ ಒಂದೇ. ಹಿಂದಿನ ಬೇಸಿಗೆಯಲ್ಲಿ ಅಮ್ಮ ಸಂಡಿಗೆ ಒಣಹಾಕಿದ್ದ ಪಂಚೆಯನ್ನು ಚಿಕ್ಕಮ್ಮ ಅತ್ತ ಸರಿಸಿ ತಮ್ಮ ಹಪ್ಪಳ ಹರಡಿದ್ದರು. ಅತ್ತ ಹುಣಸೆಮರದ ನೆರಳು. ಸಂಡಿಗೆಗೆ ಬೂಷ್ಟು ಬಂತು, ಅಂದಿನಿಂದ ಮಾತು ನಿಂತಿತು. ಈಗ ನೋಡಿದರೆ ತಂಗಿ ಸುಮಳ ಮದುವೆ. ಅವಳನ್ನು ಎತ್ತಿ ಆಡಿಸಿ, ದಿನಾ ಜಡೆ ಹೆಣೆದು ಬೆಳೆಸಿದವರು ಚಿಕ್ಕಮ್ಮ. "ಚಿಕ್ಕಮ್ಮ ಬಂದು ಅರಿಶಿನ ಹಚ್ಚದಿದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ" ಎಂದು ಅವಳು ಊಟ ಬಿಟ್ಟು ಅಳುತ್ತಿದ್ದಳು. ಅಮ್ಮ ಕರೆಯಲು ಹೋಗರು, ಚಿಕ್ಕಮ್ಮ ಕರೆಯದೆ ಬಾರರು.

ಜಗಳವಾಡುವ ಎರಡು ದೇಶಗಳ ನಡುವೆ ಓಡಾಡಿ ರಾಜಿ ಮಾಡಿಸುವ ಅಧ್ಯಾಯ ನನಗೆ ಬಾಯಿಪಾಠವಾಗಿತ್ತು. ಅಮ್ಮ ಸ್ನಾನಕ್ಕೆ ಹೋದದ್ದೇ ತಡ, ದೇವರಮನೆಯಿಂದ ಕುಂಕುಮದ ಭರಣಿ ಎತ್ತಿಕೊಂಡು ಪಕ್ಕದ ಮನೆಗೆ ಹೋದೆ. "ಚಿಕ್ಕಮ್ಮ, ಮದುವೆಗೆ ಕರೆಯೋಕೆ ಅಮ್ಮ ಕಳಿಸಿದ್ದಾರೆ, ಕುಂಕುಮ ತಗೊಳ್ಳಿ" ಎಂದೆ.

ರುಬ್ಬುತ್ತಿದ್ದ ಚಿಕ್ಕಮ್ಮನ ಕೈ ನಿಂತಿತು. ಅವರ ತವರು ಆಂಧ್ರದ ಗಡಿಯಾಚೆ. ಸಿಟ್ಟು ಬಂದರೆ ಮೊದಲು ತೆಲುಗೇ ಬರುವುದು. "ಏಮಿರಾ ಇದಿ, ಏನೋ ಇದು! ಹೆಂಗಸರು ಬಂದು ಇಡೋ ಕುಂಕುಮಾನ ಗಡ್ಡ ಬಿಟ್ಟಿರೋ ಗಂಡಸಿನ ಕೈಲಿ ಕಳ್ಸಿದಾರಾ ನಿಮ್ಮಮ್ಮ?" ಎಂದು ಭರಣಿ ಕಿತ್ತುಕೊಂಡು, ಹಿಟ್ಟಿನ ಕೈಯಲ್ಲೇ ನಮ್ಮ ಮನೆಗೆ ನುಗ್ಗಿದರು. ಮೂರನೇ ಮಹಾಯುದ್ಧಕ್ಕೆ ನಾನೇ ಕಾರಣನಾದೆನಲ್ಲಪ್ಪ ಎಂದು ಹಿಂದೆಯೇ ಓಡಿದೆ.

"ಅಕ್ಕಾ, ನನ್ನ ಅಷ್ಟು ಕೀಳು ಮಾಡ್ಬಿಟ್ರಾ?"

ಒದ್ದೆ ಕೂದಲಲ್ಲಿ ನಿಂತಿದ್ದ ಅಮ್ಮ ಭರಣಿ ನೋಡಿ ಹೌಹಾರಿದರು. "ಅಯ್ಯೋ, ನಾನ್ಯಾಕೆ ಇವನ ಕೈಲಿ ಕಳಿಸ್ಲಿ ಕಣೇ! ನಿನ್ನ ಬಿಟ್ಟು ಮದುವೆ ಮಾಡೋಕಾಗುತ್ತಾ? ಈ ಪೆದ್ದುಮುಂಡೇದಕ್ಕೆ ಬುದ್ಧಿ ಬೇಡ್ವಾ?"

"ಎಂ.ಎ. ಬೇರೆ ಓದ್ತಾನಂತೆ!"

"ಓದೋದೇ ಪರದೇಶದ ವಿಷಯ, ಮನೆ ವಿಷಯ ಹೇಗೆ ಗೊತ್ತಾಗುತ್ತೆ? ನಡಿ, ನಿನ್ನ ಮನೆಗೇ ಬಂದು ಕರೀತೀನಿ."

ಇಬ್ಬರೂ ನನ್ನನ್ನು ಬೈಯುತ್ತಲೇ ಹೊರಟರು. ಚಿಕ್ಕಮ್ಮನ ಹೊಸಿಲಲ್ಲಿ ಅಮ್ಮ ಕುಂಕುಮ ಇಟ್ಟಾಗ ಅವರಿಬ್ಬರಿಗೂ ಕಣ್ಣೀರು. ಸುಮ ಮಾತ್ರ ನಗುತ್ತಿದ್ದಳು.

ಮರುದಿನದಿಂದಲೇ ಮದುವೆಯ ಸಂಡಿಗೆ ಶುರುವಾಯಿತು. ಈಗ ಎರಡೂ ಮನೆಯದು ಒಂದೇ ಪಂಚೆಯ ಮೇಲೆ. ಕಾಗೆ ಓಡಿಸಲು ಕೋಲು ಕೊಟ್ಟು ನನ್ನನ್ನು ಮಾಳಿಗೆ ಹತ್ತಿಸಿದ್ದರು. ಅಪ್ಪ ಮೇಲೆ ಬಂದಾಗ, "ಇಬ್ಬರೂ ಮಾತಾಡೋ ಹಾಗೆ ಮಾಡಿದೆನಲ್ಲ, ಈಗಲಾದರೂ ಒಪ್ತೀರಾ?" ಎಂದೆ.

"ಏನು ಮಾತಾಡ್ತಿದ್ದಾರೆ ಅಂತ ಕೇಳಿಸ್ಕೊ" ಎಂದರು ಅಪ್ಪ.

ಕಿವಿಗೊಟ್ಟು, ಬಗ್ಗಿ ನೋಡಿದೆ. ಕೆಳಗೆ ಅಮ್ಮನೂ ಚಿಕ್ಕಮ್ಮನೂ ಬಿದ್ದು ಬಿದ್ದು ನಗುತ್ತಿದ್ದರು. ನಾನು ಭರಣಿ ಹಿಡಿದು ನಿಂತ ಭಂಗಿಯನ್ನು ಚಿಕ್ಕಮ್ಮ ಮತ್ತೊಮ್ಮೆ ಮಾಡಿ ತೋರಿಸುತ್ತಿದ್ದರು. ಅಷ್ಟರಲ್ಲಿ ಕಾಗೆಯೊಂದು ಸಂಡಿಗೆ ಕಚ್ಚಿಕೊಂಡು ಹಾರಿತು.