ದೊಡ್ಡ ತಾತನ ನಾಲ್ಕನೇ ಜ್ವರ

ನಿಮ್ಮ ದೊಡ್ಡ ತಾತ ಒಂದು ಬೇಸಿಗೆ ಪೂರ್ತಿ ಮನೆಯಲ್ಲಿರಲಿಲ್ಲ ಮಕ್ಕಳೇ. ಎಲ್ಲಿಗೆ ಹೋಗಿದ್ದರು ಅಂತೀರಾ? ಎಲ್ಲಿಗೂ ಇಲ್ಲ! ಪಡಸಾಲೆಯ ಸ್ಟೂಲಿನ ಮೇಲೇ ಕೂತಿರುತ್ತಿದ್ದರು, ಕಾಫಿ ಕೊಟ್ಟರೆ ಕುಡಿಯುತ್ತಿದ್ದರು, ಆದರೆ ಇರಲಿಲ್ಲ. ನಂಬದಿದ್ದರೆ ನಿಮ್ಮ ದೊಡ್ಡಜ್ಜಿಯನ್ನು ಕೇಳಿ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ನಿಮ್ಮ ತಾತ, ನನ್ನ ಯಜಮಾನರು, ತೀರಿಕೊಂಡ ಮೇಲೆ. ದೊಡ್ಡ ತಾತನಿಗೆ ಅವರೊಬ್ಬರೇ ತಮ್ಮ. ಹನ್ನೊಂದನೇ ದಿನ ಮನೆಗೆ ಬಂದಿದ್ದ ಸ್ವಾಮಿಗಳೊಬ್ಬರು ಸಮಾಧಾನ ಹೇಳಿದರು. "ನಾನು ಯಾರು ಅಂತ ಒಳಗೇ ಕೇಳಿಕೊಳ್ಳಿ. ಈ ದೇಹ ನಾನಲ್ಲ, ಈ ಮನಸ್ಸು ನಾನಲ್ಲ ಅಂತ ಒಂದೊಂದನ್ನೇ ಬಿಡುತ್ತಾ ಹೋಗಿ. ಕೊನೆಗೆ ಉಳಿಯುವುದು ಒಂದೇ. ಅಲ್ಲಿ ಹೋದವರು ಬೇರೆ, ಇರುವವರು ಬೇರೆ ಅಂತ ಇಲ್ಲ. ದುಃಖವೂ ಇಲ್ಲ." ಎಲ್ಲರೂ ತಲೆ ಆಡಿಸಿ ಊಟಕ್ಕೆ ಎದ್ದರು. ಭಾವನವರು, ಅಂದರೆ ನಿಮ್ಮ ದೊಡ್ಡ ತಾತ, ಮಾತ್ರ ಏಳಲಿಲ್ಲ.

"ಎಲ್ಲಾ ಒಂದೇ ಅಂದ್ಮೇಲೆ ಅವನೂ ಅಲ್ಲೇ ಇರ್ಬೇಕಲ್ವಾ? ಹೋಗಿ ನೋಡ್ಕಂಡ್ ಬತ್ತೀನಿ" ಅಂದರು. ಹಿಂದೂಪುರದ ಬಸ್ಸು ಹತ್ತುವವರ ಹಾಗೆ!

"ವಾಪಸ್ ಬರೋ ಬಸ್ಸು ಎಷ್ಟೊತ್ತಿಗೆ ಅಂತಾನೂ ಕೇಳ್ಕಂಡ್ರಾ?" ಅಂದಳು ಅಕ್ಕ. ಅಕ್ಕ ಅಂದರೆ ನನ್ನ ಓರಗಿತ್ತಿ, ನಿಮ್ಮ ದೊಡ್ಡಜ್ಜಿ. ಮಾತು ತಮಾಷೆಯದೇ, ಆದರೆ ಒಂದೇ ಎಲೆಗೆ ಎರಡು ಸಲ ಸಾರು ಬಡಿಸಿದಳು. ಮನೆಯಿಂದ ಒಬ್ಬರು ಹೋಗಿ ಆಗಿದೆ. ಹುಡುಕಲು ಹೋದವರೂ ಬರದಿದ್ದರೆ?

ಅಲ್ಲಿಗೆ ಹೋಗಲು ದಾರಿ ಗೊತ್ತಿರಬೇಡವೇ? ಭಾವನವರಿಗೆ ಗೊತ್ತಿದ್ದದ್ದು ರೇಷ್ಮೆ ಹುಳ ಒಂದೇ. ಹುಳ ದೊಡ್ಡದಾಗುವಷ್ಟರಲ್ಲಿ ನಾಲ್ಕು ಸಲ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಒಂದೊಂದು ಜ್ವರಕ್ಕೂ ಒಂದೊಂದು ಪೊರೆ ಕಳಚುತ್ತದೆ. ಸ್ವಾಮಿಗಳು ಹೇಳಿದ್ದೂ ಇದನ್ನೇ ಅಂತ ಭಾವನವರು ತೀರ್ಮಾನಿಸಿದರು. "ಒಂದನೇ ಜ್ವರಕ್ಕೆ ಕೂತಿದ್ದೀನಿ, ಸೊಪ್ಪು ಹಾಕ್ಬೇಡಿ" ಅಂತ ಮುದ್ದೆಯ ತಟ್ಟೆಯನ್ನು ತಳ್ಳಿ, ಕತ್ತು ಮೇಲೆತ್ತಿ ಕೂತೇಬಿಟ್ಟರು!

ಮೊದಲು ಕಳಚಿದ್ದು ಹೆಸರು. ಯಾರೋ ಫೋನು ಮಾಡಿ ತೆಲುಗಿನಲ್ಲಿ, "ಎವರಂಡಿ ಮಾಟ್ಲಾಡೇದಿ?" ಅಂದರು. ಯಾರು ಮಾತಾಡ್ತಿರೋದು ಅಂತ ಕೇಳಿದ್ದಷ್ಟೇ, ಪಾಪ. "ಅದೇ ಗೊತ್ತಾಗ್ತಿಲ್ಲ ನೋಡಪ್ಪ, ನಾಲ್ಕು ದಿನ ಬಿಟ್ಟು ಮಾಡು" ಅಂದರು ಭಾವನವರು. ಆ ಪುಣ್ಯಾತ್ಮ ನಾಲ್ಕು ದಿನ ಬಿಟ್ಟು ಮಾಡಿಯೇ ಮಾಡಿದ. "ಇನ್ನೂ ಇಲ್ಲ" ಅಂತ ಇಟ್ಟರು.

ಎರಡನೇ ಜ್ವರಕ್ಕೆ ಮೈಯ ಸರದಿ. ನನಗೆ ಹಸಿವು ಅನ್ನುವುದು ಹೋಗಿ "ಇದಕ್ಕೆ ಹಸಿವಾಗೈತೆ", "ಇದಕ್ಕೆ ಮಂಡಿ ನೋವು" ಅಂತ ಶುರುವಾಯಿತು.

"ಅದಕ್ಕೆ ಒಸಿ ಸ್ನಾನಾನೂ ಮಾಡ್ಸಿ, ವಾಸ್ನೆ ಬತ್ತೈತೆ" ಅಂದಳು ಅಕ್ಕ. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು.

ನಕ್ಕಿದ್ದು ಅಲ್ಲಿಗೇ ಕೊನೆ. ಒಂದು ದಿನ ನಾನು ಹುಳದ ಮನೆಗೆ ಇಣುಕಿ, ಯಾರೂ ಇಲ್ಲವೆಂದು ಹೊರಗಿನಿಂದ ಚಿಲಕ ಹಾಕಿ ಬಂದೆ. ಸಂಜೆ ಅಕ್ಕ ಬಾಗಿಲು ತೆಗೆದರೆ, ಎದುರಿಗೇ ಸ್ಟೂಲಿನ ಮೇಲೆ ಭಾವನವರು! "ಅವಳು ನನ್ನ ಮುಖಾನೇ ನೋಡಿದ್ಲು. ನೋಡಿ ಚಿಲಕ ಹಾಕ್ಕಂಡೋದ್ಲು" ಅಂದರು, ಪರೀಕ್ಷೆ ಪಾಸಾದವರ ಹಾಗೆ. ದೇವರಾಣೆಗೂ ಹೇಳುತ್ತೇನೆ, ನಾನು ನೋಡಿದಾಗ ಆ ಸ್ಟೂಲು ಖಾಲಿ ಇತ್ತು. ಬೀದಿಯ ನಾಯಿಯೂ ಅವರನ್ನು ಕಂಡು ಬಾಲ ಆಡಿಸುವುದನ್ನು ಬಿಟ್ಟಿತು. ಅವರ ಮೂಲಕ ಹಾದು ಹಿಂದಿನ ಗೋಡೆಯನ್ನು ನೋಡುತ್ತಿತ್ತು. "ಪಕ್ಕದಾಗೆ ಕೂತ್ರೆ ಖಾಲಿ ಜಾಗದ ಪಕ್ಕ ಕೂತಂಗಾಗ್ತೈತೆ ಕಣೇ" ಅಂತ ಅಕ್ಕ ಪಿಸುಗುಟ್ಟಿದಳು.

ಮೂರನೇ ಜ್ವರದಲ್ಲಿ ರೇಷನ್ ಕಾರ್ಡಿಗೆ ಹೆಬ್ಬೆಟ್ಟು, ಮುಖದ ಗುರುತು ಹಿಡಿದುಕೊಳ್ಳಲು ಗ್ರಾಮ ಸಚಿವಾಲಯದ ಹುಡುಗಿ ಫೋನು ತಂದಳು. ಭಾವನವರ ಹೆಬ್ಬೆಟ್ಟು ಬೀಳಲಿಲ್ಲ. ಅದೇನು, ದುಡಿದ ಕೈ, ಎಷ್ಟೋ ಜನರದ್ದು ಬೀಳುವುದಿಲ್ಲ. "ತಾತಾ, ಇಲ್ಲಿ ನೋಡಿ ಕಣ್ಣು ಮಿಟುಕ್ಸಿ" ಅಂದಳು. ಮುಖವೂ ಸಿಗಲಿಲ್ಲ. ಬೆಳಕಿಗೆ ತಿರುಗಿಸಿದಳು, ಹತ್ತಿರ ಹೋದಳು, ದೂರ ಬಂದಳು. ಆಮೇಲೆ ಫೋನಿನಲ್ಲಿ, ಮುಖ ಸಿಕ್ಕಿತು ಅನ್ನುವ ಹಸಿರು ಚೌಕ ಬಿತ್ತು. ಬಿದ್ದದ್ದು ಭಾವನವರ ಮೇಲಲ್ಲ, ಹಿಂದೆ ಗೋಡೆಯಲ್ಲಿ ಹಾರ ಹಾಕಿದ್ದ ನಿಮ್ಮ ತಾತನ ಫೋಟೋದ ಮೇಲೆ!

"ಅಜ್ಜೀ... ಹಿಂದ್ಗಡೆ ಇರೋ ತಾತ ಬತ್ತಾ ಔರೆ. ಮುಂದ್ಗಡೆ ಇರೋ ತಾತ ಬತ್ತಾ ಇಲ್ಲ!" ಅಂದ ಹುಡುಗಿ, ಕೊಟ್ಟ ನೀರನ್ನೂ ಕುಡಿಯದೆ ಸ್ಕೂಟಿ ಹತ್ತಿದಳು.

ಭಾವನವರು ಫೋಟೋವನ್ನೇ ಬಹಳ ಹೊತ್ತು ನೋಡಿದರು. "ಅವನಿದ್ದಾನೆ, ನಾನಿಲ್ಲ. ಇನ್ನೊಂದೇ ಜ್ವರ" ಅಂದು ಹುಳದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಒಂದು ದಿನವಾಯಿತು, ಎರಡು ದಿನವಾಯಿತು. ಇಟ್ಟ ನೀರು ಇಟ್ಟ ಹಾಗೇ ಇತ್ತು. "ನಾಲ್ಕನೇ ಜ್ವರ ಆದ್ಮೇಲೆ ಹುಳ ಗೂಡು ಕಟ್ತೈತೆ" ಅಂದಳು ಅಕ್ಕ. "ಕಟ್ಟಿದ ಗೂಡು ಎಲ್ಲಿಗೋಯ್ತೈತೆ ಅಂತ ಅವರಿಗೆ ನಾನು ಹೇಳ್ಬೇಕೇನೇ?" ಗೂಡು ಹೋಗುವುದು ಕುದಿಯುವ ನೀರಿಗೆ. ದಾರ ಹೊರಗೆ ಬರುತ್ತದೆ, ಒಳಗಿದ್ದದ್ದು ಬರುವುದಿಲ್ಲ.

ಮೂರನೇ ದಿನ ಮಧ್ಯಾಹ್ನ ಅಕ್ಕ ನನ್ನ ರಟ್ಟೆ ಹಿಡಿದಳು. "ನಾನು ಕರೆದ್ರೆ, ಯಾರು ಯಾರ್ನ ಕರೀತಿರೋದು ಅಂತಾರೆ. ನೀನು ಹೋಗೇ, ನಿನ್ನ ಕಾಲಿಗೆ ಬೀಳ್ತೀನಿ." ರಾಯದುರ್ಗದಿಂದ ಸೊಸೆಯಾಗಿ ಬಂದ ದಿನದಿಂದ ನಾನು ಭಾವನವರ ಎದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ಬಾಗಿಲ ಮರೆಯಿಂದಲೇ. ಆದರೂ ಬಾಗಿಲು ತಳ್ಳಿ ಒಳಗೆ ಹೋದೆ.

ಹುಳ ಸೊಪ್ಪು ಮೇಯುವಾಗ ಆ ಮನೆಯಲ್ಲಿ ಮಳೆ ಸುರಿದಂತೆ ಸದ್ದಿರುತ್ತದೆ. ಆ ದಿನ ಎಲ್ಲವೂ ಮೇವು ಬಿಟ್ಟು ಹಣ್ಣಾಗಿ, ಗೂಡು ಕಟ್ಟಲೆಂದೇ ಇಡುವ ಚಂದ್ರಿಕೆ ತಟ್ಟೆಯ ಬಿದಿರಿಗೆ ಹತ್ತಿ, ಸದ್ದಿಲ್ಲದೆ ದಾರ ಸುತ್ತುತ್ತಿದ್ದವು. ಭಾವನವರು ಕತ್ತೆತ್ತಿ ಕೂತಿದ್ದರು. ಕಣ್ಣು ತೆರೆದೇ ಇದ್ದವು, ರೆಪ್ಪೆ ಬಡಿಯುತ್ತಿರಲಿಲ್ಲ. ತೊಡೆಯ ಮೇಲಿದ್ದ ಅವರ ಬೆರಳುಗಳ ಸಂದಿಗೆ ಒಂದು ಹುಳ ಹತ್ತಿ ದಾರ ಎಳೆಯುತ್ತಿತ್ತು. ಅದು ಅವರನ್ನು ಬಿದಿರಿನ ಕಡ್ಡಿ ಅಂದುಕೊಂಡಿತ್ತು!

ಎದ್ದು ಬರ್ರಿ ಅಂತ ಕರೆಯಲು ಹೋದವಳು ನಾನು. ಬಾಯಿಂದ ಬಂದದ್ದೇ ಬೇರೆ. "ಭಾವಾರೇ... ಅವ್ರು ಸಿಕ್ಕರೇನ್ರಿ?"

ರೆಪ್ಪೆ ಒಂದು ಸಲ ಬಡಿಯಿತು. ತುಟಿ ಅಲುಗಿತು.

"ಇಲ್ಲ ಕಣಮ್ಮ" ಅಂದರು. ದನಿ ಆಳದ ಬಾವಿಯಿಂದ ಬಂದ ಹಾಗಿತ್ತು. "ತಣ್ಣಗಿತ್ತು. ನೋವೇ ಇರ್ಲಿಲ್ಲ. ಆದ್ರೆ ಅಲ್ಲಿ ಎಲ್ಡು ಅನ್ನಾದೇ ಇಲ್ಲ. ಅವನು ತಮ್ಮ ಆಗ್ಬೇಕಂದ್ರೆ ನಾನು ಅಣ್ಣ ಆಗಿರ್ಬೇಕಲ್ಲ? ಅಣ್ಣನ್ನ ಈಚೆಗೇ ಕಳಚಿಟ್ಟು ಹೋಗಿದ್ದೆ. ಯಾರ್ನ ಹುಡುಕಾಕೆ ಬಂದೆ ಅನ್ನಾದೇ ಮರ್ತೋಯ್ತು. ಅವನು ಹೋದ ದುಃಖಾನೂ ಇರ್ಲಿಲ್ಲ ಕಣಮ್ಮ ಅಲ್ಲಿ. ಅದ್ಕೇ ಹೆದರ್ಕಂಡೆ."

ಸ್ವಾಮಿಗಳು ಹೇಳಿದ್ದು ಸುಳ್ಳು ಅನ್ನಲು ಐದನೇ ಕ್ಲಾಸು ಓದಿದ ನಾನು ಯಾರು? ಅಲ್ಲಿ ದುಃಖವಿಲ್ಲವೆಂದು ಅವರು ಹೇಳಿದ್ದು ನಿಜವೇ ಇರಬೇಕು. ಆದರೆ ತಮ್ಮನ ಜೊತೆ ಆ ದುಃಖವೂ ಬೇಕಾಗಿದ್ದವರು ನಮ್ಮ ಭಾವನವರು.

ಭಾವನವರು ಬೆರಳ ಸಂದಿಯ ಹುಳವನ್ನು ನೋಯದಂತೆ ಬಿಡಿಸಿ ಚಂದ್ರಿಕೆಗೆ ಬಿಟ್ಟರು. ಆಮೇಲೆ ಅತ್ತರು. ಮಣ್ಣು ಮಾಡಿದ ದಿನವೂ ಅಳದಿದ್ದವರು, ಬಿಕ್ಕಿ ಬಿಕ್ಕಿ ಅತ್ತರು. ಬಾಗಿಲಲ್ಲಿದ್ದ ಅಕ್ಕ ಓಡಿಬಂದು ಸೆರಗಿನಿಂದ ಅವರ ಮುಖ ಒರೆಸಿದಳು. ಈಗ ಅಳ್ತಿರೋದು ಯಾರು ಅಂತ ಕೇಳಿ ಸೇಡು ತೀರಿಸಿಕೊಳ್ಳಬಹುದಿತ್ತು. ಕೇಳಲಿಲ್ಲ.

ಮೂವರೂ ಹೊಸ್ತಿಲ ಮೇಲೆ ಕೂತೆವು. ಭಾವನವರು ಹೇಳತೊಡಗಿದರು. ಅಷ್ಟು ವರ್ಷ ಸಂಸಾರ ಮಾಡಿದ ನನಗೂ ಗೊತ್ತಿಲ್ಲದ, ಏಳು ವರ್ಷದ ನಿಮ್ಮ ತಾತನ ಕಥೆ. ಎದುರಿನ ಕೋಟೆ ಬೆಟ್ಟದ ಪೊದೆಯೊಳಗೆ ಸೀತಾಫಲ ಕೀಳಲು ನುಗ್ಗುವನಂತೆ. ಆದರೆ ವಿಪರೀತ ಪುಕ್ಕಲು. ನಾಲ್ಕು ಹೆಜ್ಜೆಗೊಮ್ಮೆ ಒಳಗಿನಿಂದ "ಅಣ್ಣಾ, ಇದ್ದೀಯಾ?" ಅಂತ ಕೂಗುವನಂತೆ.

"ಒಂದೊಂದ್ ಸಲ ಬೇಕಂತಲೇ ಸುಮ್ಕಿರ್ತಿದ್ದೆ" ಅಂದರು. "ಹಣ್ಣೆಲ್ಲಾ ಬಿಸಾಕಿ, ಅಳ್ತಾ ಓಡ್ಬರೋನು."

ಆಮೇಲೆ ಮುಖವನ್ನು ಬೆಟ್ಟದ ಕಡೆಗೆ ತಿರುಗಿಸಿ, ನಮಗಲ್ಲ, ಮೆಲ್ಲಗೆ ಅಂದರು:

"ಇದ್ದೀನಿ ಕಣ್ಲಾ."